ತಪ್ಪಿದ್ದೋ, ಹೋಗಿದ್ದೋ: ಒಬ್ಬ ನಾಸ್ತಿಕ ತತ್ವಜ್ಞಾನಿಯ 4 ನಿಮಿಷ

1988ರ ಬೇಸಿಗೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ 77 ವರ್ಷದ ರೋಗಿಯೊಬ್ಬರು ನ್ಯುಮೋನಿಯಾದಿಂದ ಮಲಗಿದ್ದರು. ಆಸ್ಪತ್ರೆ ಊಟ ಅವರಿಗೆ ಸೇರುತ್ತಿರಲಿಲ್ಲ. ಮನೆಯವರು, ಗೆಳೆಯರು ತಂದುಕೊಟ್ಟದ್ದನ್ನೇ ತಿನ್ನುತ್ತಿದ್ದರು. ಒಂದು ಸಂಜೆ ಹೊಗೆಯಲ್ಲಿ ಹದ ಮಾಡಿದ ಸಾಲ್ಮನ್ ಮೀನಿನ ತುಂಡೊಂದನ್ನು ಸುಮ್ನೆ ಬಾಯಿಗೆ ಎಸೆದುಕೊಂಡರು. ಅದು ನೆತ್ತಿಗೆ ಹತ್ತಿತು. ಎದೆಬಡಿತ ತೋರಿಸುವ ಗೆರೆ ಸರ್ರನೆ ಕೆಳಗಿಳಿಯಿತು. ನರ್ಸ್ ಓಡಿ ಬಂದರು. ಆದರೂ ಹೃದಯ ನಿಂತೇಹೋಯಿತು. ನಿಂತಿದ್ದು 4 ನಿಮಿಷ ಎಂದು ಆಮೇಲೆ ಅವರಿಗೆ ಹೇಳಲಾಯಿತು.

ಯಮನ ಮನೆ ಬಾಗಿಲು ತಟ್ಟಿ ಬಂದವರ ಕತೆಗಳಿಗೆ ಬರವಿಲ್ಲ. ಈ ಕತೆಯನ್ನು ಬಿಡಿಸಿ ನೋಡಬೇಕು ಅನ್ನಿಸುವುದಕ್ಕೆ ಕಾರಣ ಆ ರೋಗಿಯೇ. ಅವರು ಬ್ರಿಟಿಷ್ ತತ್ವಜ್ಞಾನಿ ಎ. ಜೆ. ಏಯರ್. ಸತ್ತ ಮೇಲೂ ಆತ್ಮ ಉಳಿಯುತ್ತದೆ ಎಂಬ ಮಾತು ಸುಳ್ಳು ಕೂಡ ಅಲ್ಲ, ಅದಕ್ಕೆ ಅರ್ಥವೇ ಇಲ್ಲ ಎಂದು ಐವತ್ತು ವರ್ಷ ಮೊದಲೇ ಬರೆದಿಟ್ಟಿದ್ದ ಮನುಷ್ಯ.

ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. ಮೂರ್ಛೆ ಬಂದರೆ 'ಪ್ರಜ್ಞೆ ತಪ್ಪಿತು' ಅನ್ನುತ್ತೇವೆ. ಸತ್ತರೆ 'ಪ್ರಾಣ ಹೋಯಿತು' ಅನ್ನುತ್ತೇವೆ. ತಪ್ಪಿದ್ದು ಮತ್ತೆ ಸಿಗಬಹುದು. ಹೋದದ್ದು ಹೋಯಿತು, ಅಷ್ಟೇ. ದೊಡ್ಡ ಗಂಡಾಂತರದಿಂದ ಪಾರಾದಾಗ ಕೂಡ 'ಹೋದ ಜೀವ ಬಂದಂತಾಯಿತು' ಅನ್ನುತ್ತೇವೆಯೇ ಹೊರತು 'ಬಂತು' ಎಂದು ಯಾರೂ ಹೇಳುವುದಿಲ್ಲ. ಆ 'ಅಂತೆ'ಯಲ್ಲಿ ಎಷ್ಟು ಎಚ್ಚರಿಕೆ ಇದೆ ನೋಡಿ! ಹಾಗಾದರೆ ಆ 4 ನಿಮಿಷದಲ್ಲಿ ಏಯರ್‌ಗೆ ಆಗಿದ್ದು ಯಾವುದು? ತಪ್ಪಿದ್ದೋ, ಹೋಗಿದ್ದೋ?

ರೋಗಿಯ ಹಿನ್ನೆಲೆ

ಏಯರ್ ಹುಟ್ಟಿದ್ದು 1910ರಲ್ಲಿ. 1932ರ ಕೊನೆಗೆ ವಿಯೆನ್ನಾಕ್ಕೆ ಹೋಗಿ ತತ್ವಜ್ಞಾನಿ ಮೊರಿಟ್ಸ್ ಶ್ಲಿಕ್ ಮತ್ತು ಅವರ ಬಳಗದ ಚರ್ಚೆಗಳಲ್ಲಿ ಕೂತು ಬಂದರು. 1936ರಲ್ಲಿ, ಇನ್ನೂ 25ರ ಪ್ರಾಯದಲ್ಲಿ, 'ಲಾಂಗ್ವೇಜ್, ಟ್ರೂತ್ ಅಂಡ್ ಲಾಜಿಕ್' ಎಂಬ ಪುಸ್ತಕ ತಂದರು. ಅದರ ಅಳತೆಗೋಲು ಸರಳ. ಒಂದು ಮಾತು ಗಣಿತ, ತರ್ಕದಂಥದ್ದಲ್ಲದಿದ್ದರೆ ಅದನ್ನು ಅನುಭವದಿಂದ ಪರೀಕ್ಷಿಸಲು ಏನಾದರೂ ದಾರಿ ಇರಬೇಕು. ಇಲ್ಲದಿದ್ದರೆ ಅದು ಬರೀ ಸದ್ದು. 'ದೇವರಿದ್ದಾನೆ' ಎಂಬುದು ಹಾಗೆ, 'ದೇವರಿಲ್ಲ' ಎಂಬುದೂ ಹಾಗೆಯೇ. ದೇಹದೊಳಗೆ ಯಾರಿಗೂ ಕಾಣದ ಆತ್ಮವಿದೆ, ಮನುಷ್ಯ ಸತ್ತ ಮೇಲೂ ಅದು ಬದುಕಿರುತ್ತದೆ ಎಂಬ ಮಾತನ್ನೂ ಅವರು ಅದೇ ಬುಟ್ಟಿಗೆ ಹಾಕಿದ್ದರು.

ಇಲ್ಲಿ ಒಂದು ಮಜಾ ಇದೆ. ಅದೇ ಬಳಗದ ಹಿರಿಯ ಶ್ಲಿಕ್, ಅದೇ 1936ರಲ್ಲಿ ಪ್ರಕಟವಾದ ಲೇಖನದಲ್ಲಿ ಬೇರೆ ರಾಗ ಹಾಡಿದ್ದರು. ಸಾವಿನ ನಂತರವೂ ಅನುಭವ ಮುಂದುವರಿಯುತ್ತದೆ ಎಂಬ ಮಾತಿಗೆ ಅರ್ಥ ಖಂಡಿತ ಇದೆ, ಪರೀಕ್ಷಿಸುವ ದಾರಿಯೂ ಗೊತ್ತಿದೆ, ಸಾಯುವವರೆಗೆ ಕಾಯಿರಿ ಎಂದರು ಶ್ಲಿಕ್. ತಮಾಷೆಯಂತೆ ಕೇಳಿಸುತ್ತದೆ. ಆದರೆ ಗುರುವಿನ ಮಾತೇ ಗಟ್ಟಿ ಎಂದು ನನಗನ್ನಿಸುತ್ತದೆ. ಸತ್ತ ಮೇಲೆ ಏನೋ ಅನುಭವವಾದರೆ, ಅನುಭವಿಸುವವನಿಗೆ ಅದು ಪುರಾವೆಯೇ ತಾನೆ? ಇದಾಗಿ 52 ವರ್ಷಕ್ಕೆ ಶಿಷ್ಯನೇ ಆ ಪರೀಕ್ಷೆಯ ಹೊಸ್ತಿಲವರೆಗೆ ಹೋಗಿ ಬಂದ.

ರೋಗಿ ಹೇಳಿದ್ದು

ಪ್ರಜ್ಞೆ ಬಂದ ಮೇಲೆ ಏಯರ್ ವೈದ್ಯರನ್ನೂ ನರ್ಸ್‌ಗಳನ್ನೂ ನೋಡಿ 'ನಿಮಗೆಲ್ಲ ಹುಚ್ಚು' ಅಂದರಂತೆ. ಇದು ಅವರಿಗೇ ನೆನಪಿರಲಿಲ್ಲ. ಆದರೆ ಈ ಮಾತನ್ನೂ ಅವರು ಬಿಡದೆ ಬಿಡಿಸಿ ನೋಡಿದರು. ಎದುರಿಗಿದ್ದವರು ದೈವಭಕ್ತರು ಅಂದುಕೊಂಡಿದ್ದರೆ, ಆಚೆ ಕಡೆ ಏನೂ ಇಲ್ಲ ಎಂಬ ಅರ್ಥ. ಅವರು ತನ್ನಂಥ ಸಂದೇಹವಾದಿಗಳು ಅಂದುಕೊಂಡಿದ್ದರೆ, ಏನೋ ಇದೆ ಎಂಬ ಅರ್ಥ. ಎರಡನೆಯದಾಗಿದ್ದರೆ 'ನಮಗೆಲ್ಲ ಹುಚ್ಚು' ಅನ್ನಬೇಕಿತ್ತಲ್ಲ, ಆದ್ದರಿಂದ ಮೊದಲನೆಯದೇ ಇರಬೇಕು ಎಂದು ತೀರ್ಮಾನಿಸಿದರು. ಸಾವಿನ ಬಾಗಿಲಿನಿಂದ ಬಂದು ಸರ್ವನಾಮದ ಮೇಲೆ ತರ್ಕ ಮಾಡುವವರು ಎಷ್ಟು ಜನ ಸಿಕ್ಕಾರು!

ಕೆಲವು ಗಂಟೆ ಕಳೆದ ಮೇಲೆ ಹಾಸಿಗೆ ಪಕ್ಕ ಫ್ರೆಂಚ್ ಗೆಳತಿಯೊಬ್ಬರು ಕೂತಿದ್ದರು. ಏಯರ್ ಫ್ರೆಂಚ್‌ನಲ್ಲಿ ಗಡಗಡ ಮಾತಾಡಿದರು. ನಾನು ಸತ್ತಿದ್ದೆ ಗೊತ್ತಾ? ನದಿ ದಾಟಲು ಮೊದಲ ಸಲ ಆಗಲಿಲ್ಲ, ಎರಡನೇ ಸಲ ಆಯಿತು. ನನ್ನ ಯೋಚನೆಗಳೆಲ್ಲ ಮನುಷ್ಯರಾಗಿಬಿಟ್ಟವು. ಹೀಗೆ. ಈ ನದಿ ದಾಟಿದ್ದು ಆಮೇಲೆ ಅವರ ನೆನಪಿನಿಂದ ಪೂರ್ತಿ ಅಳಿಸಿಹೋಯಿತು.

ನೆನಪಿನಲ್ಲಿ ಉಳಿದಿದ್ದು ಬೇರೆಯೇ ದೃಶ್ಯ. ಕಣ್ಣು ಕುಕ್ಕುವ ಕೆಂಪು ಬೆಳಕು. ಮುಖ ತಿರುಗಿಸಿದರೂ ನೋವು ಕೊಡುತ್ತಿತ್ತು. ಇಡೀ ವಿಶ್ವದ ಆಡಳಿತ ಆ ಬೆಳಕಿನ ಕೈಯಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಅದರ ಮಂತ್ರಿಗಳಲ್ಲಿ ಇಬ್ಬರಿಗೆ ಆಕಾಶದ ಉಸ್ತುವಾರಿ. ಆಕಾಶ ಅಂದರೆ ಇಲ್ಲಿ ಮೋಡ ತೇಲುವ ಜಾಗ ಅಲ್ಲ, ವಸ್ತುಗಳೆಲ್ಲ ಇರುವ ಅವಕಾಶ. ಈ ಇಬ್ಬರು ತಪಾಸಣೆಗೆ ಬಂದು ಕೆಲಸ ಸರಿಯಾಗಿ ಮಾಡದೆ ಹೋಗಿದ್ದರು. ಅದರಿಂದ ಆಕಾಶದ ತುಂಡುಗಳು ಸರಿಯಾಗಿ ಕೂರದೆ ಒಂದಿಷ್ಟು ಓರೆಯಾಗಿದ್ದವು. ಪ್ರಕೃತಿಯ ನಿಯಮಗಳು ಕೆಟ್ಟಿದ್ದವು. ಇದನ್ನು ಸರಿ ಮಾಡುವ ಹೊಣೆ ತನ್ನ ಮೇಲಿದೆ ಎಂದು ಏಯರ್‌ಗೆ ಅನ್ನಿಸಿತು. ಸರಿ ಮಾಡಿದರೆ ಆ ಬೆಳಕಿನ ನೋವೂ ನಿಲ್ಲುತ್ತದೆ. ಐನ್‌ಸ್ಟೈನ್ ಪ್ರಕಾರ ಆಕಾಶ, ಕಾಲ ಎರಡೂ ಒಂದೇ ಅಲ್ವಾ? ಹಾಗಾದರೆ ಕಾಲವನ್ನು ರಿಪೇರಿ ಮಾಡಿದರೆ ಆಕಾಶವೂ ರಿಪೇರಿಯಾದೀತು. ಕಾಲದ ಉಸ್ತುವಾರಿ ಹೊತ್ತವರ ಗಮನ ಸೆಳೆಯಲು ಅವರು ತಮ್ಮ ಕೈಗಡಿಯಾರವನ್ನು ಬೀಸುತ್ತಾ ಅತ್ತಿಂದಿತ್ತ ಓಡಾಡಿದರು. ಯಾರೂ ತಿರುಗಿ ನೋಡಲಿಲ್ಲ. ಹತಾಶೆ ಏರುತ್ತಾ ಹೋಯಿತು. ಅಲ್ಲಿಗೆ ದೃಶ್ಯ ಕಡಿದುಹೋಯಿತು.

ಇದೆಲ್ಲವನ್ನೂ ಏಯರ್ 1988ರ ಆಗಸ್ಟ್ 28ರಂದು ಸಂಡೇ ಟೆಲಿಗ್ರಾಫ್ ಪತ್ರಿಕೆಯಲ್ಲಿ ಬರೆದರು. ಈ ಅನುಭವದಿಂದ, ನಿಜವಾದ ಸಾವೇ ತನ್ನ ಕೊನೆ ಎಂಬ ನಂಬಿಕೆ ಒಂದಿಷ್ಟು ಸಡಿಲವಾಗಿದೆ, ಆದರೂ ಅದೇ ಕೊನೆಯಾಗಲಿ ಎಂಬುದೇ ತನ್ನ ಆಸೆ ಎಂದರು. ಗದ್ದಲ ಎದ್ದಿತು. ಅಕ್ಟೋಬರ್ 15ರಂದು ಸ್ಪೆಕ್ಟೇಟರ್ ವಾರಪತ್ರಿಕೆಯಲ್ಲಿ ತಿದ್ದುಪಡಿ ಬಂತು. ಸಾವಿನ ನಂತರ ಏನಿಲ್ಲ ಎಂಬ ನಂಬಿಕೆ ಸಡಿಲವಾಗಿಲ್ಲ, ಆ ನಂಬಿಕೆಯ ವಿಷಯದಲ್ಲಿ ತನಗಿದ್ದ ಬಿಗಿ ಮಾತ್ರ ಸಡಿಲವಾಗಿದೆ, ಹೃದಯ ನಿಂತರೂ ಮಿದುಳು ಕೆಲಸ ಮಾಡುತ್ತಿತ್ತು ಎಂಬುದೇ ಎಲ್ಲಕ್ಕಿಂತ ಸಂಭವನೀಯ ವಿವರಣೆ ಎಂದು ಒತ್ತಿ ಹೇಳಿದರು.

ಮುದುಕ ಹೆದರಿ ಹಿಂದೆ ಸರಿದ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಮಿದುಳಿನ ವಿವರಣೆ ಮೊದಲ ಲೇಖನದಲ್ಲೇ ಇತ್ತು. ಅದನ್ನು ಬಿಟ್ಟು ಜನ ಕೆಂಪು ಬೆಳಕನ್ನಷ್ಟೇ ಓದಿದರು.

ಕಂಡಿದ್ದು ಎಲ್ಲಿಂದ ಬಂತು

ನದಿ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಏಯರ್ ಎಳವೆಯಿಂದ ಗ್ರೀಕ್, ಲ್ಯಾಟಿನ್ ಓದಿದವರು. ಸತ್ತವರು ದಾಟುವ ಸ್ಟಿಕ್ಸ್ ನದಿ ಅವರ ತಲೆಯಲ್ಲಿ ಮೊದಲೇ ಇತ್ತು. ನಮ್ಮವರಾಗಿದ್ದರೆ ವೈತರಣಿ ದಾಟುತ್ತಿದ್ದರೋ ಏನೋ. ಇದು ಬರೀ ಊಹೆ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಮತ್ತು ಅಮೆರಿಕದ ಇಯಾನ್ ಸ್ಟೀವನ್‌ಸನ್ 1986ರಲ್ಲಿ ಸಾವಿನಂಚಿಗೆ ಹೋಗಿ ಬಂದ ಉತ್ತರ ಭಾರತದವರ 16 ಪ್ರಕರಣಗಳ ವರದಿ ಪ್ರಕಟಿಸಿದರು. ಅಲ್ಲಿ ಮತ್ತೆ ಮತ್ತೆ ಬರುವ ಕತೆ ಇದು. ದೂತರು ಬಂದು ಕರೆದೊಯ್ಯುತ್ತಾರೆ. ಲೆಕ್ಕದ ಪುಸ್ತಕ ಹಿಡಿದವನೊಬ್ಬ ಕೂತಿರುತ್ತಾನೆ. ತಪ್ಪು ವ್ಯಕ್ತಿಯನ್ನು ತಂದಿದ್ದೀರಿ ಎಂದು ಗದರಿ ವಾಪಸ್ ಕಳಿಸುತ್ತಾನೆ. ಗುಮಾಸ್ತರ ಎಡವಟ್ಟು! ಏಯರ್ ಕಂಡ ಮಂತ್ರಿಗಳ ಎಡವಟ್ಟಿಗೆ ಇದು ದೂರದ ನೆಂಟ ಅನ್ನಿಸದೇ ಇರುವುದಿಲ್ಲ.

ಹಾಗಂತ ಬಣ್ಣ, ವೇಷ ಬೇರೆಬೇರೆ ಎಂದ ಮಾತ್ರಕ್ಕೆ ಅನುಭವವೇ ಸುಳ್ಳು ಎಂದು ಹೇಳಲಾಗುವುದಿಲ್ಲ. ಕಾಣುವವನ ತಲೆಯಲ್ಲಿರುವ ಬಟ್ಟೆಯನ್ನೇ ಅದು ತೊಡುತ್ತದೆ ಎಂದು ಉಳಿವಿನ ಪಕ್ಷದವರು, ಅಂದರೆ ಸತ್ತ ಮೇಲೂ ಅನುಭವ ಉಳಿಯುತ್ತದೆ ಅನ್ನುವವರು, ಹೇಳಬಹುದು. ಅದಕ್ಕೇ ಏನು ಕಂಡಿತು ಎಂಬ ದಾರಿಯಲ್ಲಿ ಎಷ್ಟು ನಡೆದರೂ ಊರು ಸಿಗುವುದಿಲ್ಲ. ನನ್ನ ಪ್ರಕಾರ ಈ ಪ್ರಕರಣದ ಕೀಲಿ ಇರುವುದು ಯಾವಾಗ ಕಂಡಿತು ಎಂಬಲ್ಲಿ.

ಯಾವಾಗ?

ಹೃದಯ ನಿಂತ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಮಿದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿ ಗೆರೆ ಸಾಮಾನ್ಯವಾಗಿ 10ರಿಂದ 20 ಸೆಕೆಂಡಿನೊಳಗೆ ಮಟ್ಟಸವಾಗುತ್ತದೆ. ಅಷ್ಟಕ್ಕೆ ಮಿದುಳಿನ ಕೋಶಗಳು ಸತ್ತವು ಎಂದಲ್ಲ. ಅವು ಕೆಲವು ನಿಮಿಷ ತಾಳುತ್ತವೆ. ಆದ್ದರಿಂದಲೇ ಏಯರ್ ಎದ್ದು ಕೂತು ಸರ್ವನಾಮದ ಮೇಲೆ ತರ್ಕ ಮಾಡಲು ಸಾಧ್ಯವಾಯಿತು.

ಈಗ ಕೆಂಪು ಬೆಳಕನ್ನು ಈ ಸಾಲಿನಲ್ಲಿ ಎಲ್ಲಿ ಇಡುತ್ತೀರಿ? ಉಸಿರು ಕಟ್ಟಿ ಹೃದಯ ಇನ್ನೂ ತೊದಲುತ್ತಿದ್ದ ಹೊತ್ತಿನಲ್ಲಿ ಇಡಬಹುದು. ಗೆರೆ ಮಟ್ಟಸವಾಗುವ ಮುಂಚಿನ ಸೆಕೆಂಡುಗಳಲ್ಲಿ ಇಡಬಹುದು. ನಡುವಿನ ನಿಮಿಷಗಳಲ್ಲಿ ಇಡಬಹುದು. ಹೃದಯ ಮತ್ತೆ ಬಡಿದು ಮಿದುಳು ತಡಕಾಡುತ್ತಾ ಏಳುತ್ತಿದ್ದ ಗಂಟೆಗಳಲ್ಲೂ ಇಡಬಹುದು. ಫ್ರೆಂಚ್ ಗೆಳತಿಯ ಜೊತೆ ಮಾತಾಡುವ ಹೊತ್ತಿಗೆ ಅವರಿಗೆ ಪ್ರಜ್ಞೆ ಬಂದು ಗಂಟೆಗಳೇ ಕಳೆದಿದ್ದವು ಎಂಬುದನ್ನು ಮರೆಯಬೇಡಿ. ಅಂದು ಹೇಳಿದ್ದು ನದಿ, ಆಮೇಲೆ ಬರೆದಿದ್ದು ಬೆಳಕು. ಒಂದೇ ಘಟನೆಗೆ ಎರಡು ವರದಿ. ಒಂದನ್ನು ಸಾಕ್ಷಿಯೇ ಮರೆತಿದ್ದಾರೆ. ನ್ಯಾಯಾಲಯದಲ್ಲಿ ಇಂಥ ಸಾಕ್ಷಿಯನ್ನು ಎದುರು ವಕೀಲರು ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ.

ಕನಸನ್ನೇ ನೋಡಿ. ಕನಸಿನಲ್ಲಿ ಊರೂರು ಸುತ್ತಿ, ಮದುವೆ ಮುಗಿಸಿ, ಜಗಳವಾಡಿ ಎದ್ದರೆ ಅಲಾರಂ ಹೊಡೆದು ಅರ್ಧ ನಿಮಿಷವೂ ಆಗಿರುವುದಿಲ್ಲ. ಅನುಭವದೊಳಗಿನ ಕಾಲ, ಗೋಡೆ ಗಡಿಯಾರದ ಕಾಲ ಎರಡೂ ಒಂದೇ ವೇಗದಲ್ಲಿ ಓಡಬೇಕಿಲ್ಲ. ತತ್ವಜ್ಞಾನಿ ಡೇನಿಯಲ್ ಡೆನೆಟ್ 1976ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಕನಸು ನಿದ್ದೆಯಲ್ಲಿ ನಡೆಯುತ್ತದೆ ಎಂದು ನಾವು ಅಂದುಕೊಳ್ಳುವುದು ಸುಮ್ನೆ ಇರಬಹುದು, ಏಳುವ ಕ್ಷಣದಲ್ಲಿ ನೆನಪಾಗಿಯೇ ಅದು ಒಳಗೆ ಬಂದು ಕೂರುತ್ತಿರಬಹುದು ಎಂಬ ಸಾಧ್ಯತೆ ಮುಂದಿಟ್ಟರು. ಕನಸಿನ ವಿಷಯದಲ್ಲಿ ಅದು ಸರಿ ಎಂದು ನನಗನ್ನಿಸುವುದಿಲ್ಲ. ಆದರೆ 'ನನಗೆ ನೆನಪಿದೆ' ಎಂಬುದರಿಂದ 'ಆ ಹೊತ್ತಿನಲ್ಲೇ ನಡೆಯಿತು' ಎಂಬುದಕ್ಕೆ ಜಿಗಿಯಲಾಗುವುದಿಲ್ಲ ಎಂಬ ಪಾಠ ಅದರಲ್ಲಿ ಇದ್ದೇ ಇದೆ.

ವಿಚಿತ್ರ ಅಂದರೆ ಏಯರ್ ಆ ದೃಶ್ಯದಲ್ಲಿ ಮಾಡುತ್ತಿದ್ದ ಕೆಲಸವೇ ಗಡಿಯಾರ ತೋರಿಸುವುದು. ಆ ಗಡಿಯಾರದಲ್ಲಿ ಎಷ್ಟು ಗಂಟೆಯಾಗಿತ್ತು ಎಂದು ಅವರು ಬರೆದಿಲ್ಲ!

ಹೊರಗಿನ ಗಡಿಯಾರದ ಹುಡುಕಾಟ

ಇಂಥ ಅನುಭವಕ್ಕೆ ಹೊರಗಿನ ಗಡಿಯಾರ ಕಟ್ಟುವ ಪ್ರಯತ್ನಗಳು ಆಮೇಲೆ ನಡೆದವು. 2001ರಲ್ಲಿ ಪಿಮ್ ವಾನ್ ಲೊಮ್ಮೆಲ್ ಮತ್ತು ಸಂಗಡಿಗರು ಡಚ್ ಆಸ್ಪತ್ರೆಗಳಲ್ಲಿ ಹೃದಯ ನಿಂತು ಬದುಕಿದ 344 ಜನರನ್ನು ಮಾತಾಡಿಸಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 62 ಜನ, ಅಂದರೆ ಶೇ 18ರಷ್ಟು ಮಂದಿ, ಏನೋ ಕಂಡ ನೆನಪಿದೆ ಎಂದರು. ಹೃದಯ ನಿಲ್ಲುವುದೇ ಕಾರಣವಾದರೆ ಉಳಿದವರಿಗೆ ಯಾಕೆ ಕಾಣಲಿಲ್ಲ? ಈ ಪ್ರಶ್ನೆ ಎರಡೂ ಪಕ್ಷದವರಿಗೂ ಮುಳ್ಳೇ.

ಸ್ಯಾಮ್ ಪಾರ್ನಿಯಾ ತಂಡ ಇನ್ನೂ ಜಾಣ ಉಪಾಯ ಹೂಡಿತು. ದೇಹ ಬಿಟ್ಟು ಮೇಲೆ ತೇಲಿದೆ ಅನ್ನುವವರಿಗೆ ಮಾತ್ರ ಕಾಣುವ ಹಾಗೆ ಎತ್ತರದ ಕಪಾಟುಗಳ ಮೇಲೆ ಚಿತ್ರಗಳನ್ನು ಇಟ್ಟರು. 2014ರಲ್ಲಿ ಫಲಿತಾಂಶ ಬಂತು. ಹೃದಯ ನಿಂತ 2,060 ಪ್ರಕರಣ. ಬದುಕಿ, ಮಾತಾಡಲು ಸಿಕ್ಕವರು 140. ಸುತ್ತಲಿನದನ್ನು ಕಂಡ, ಕೇಳಿದ ಸ್ಪಷ್ಟ ನೆನಪು ಇಬ್ಬರಿಗೆ. ಆ ಇಬ್ಬರ ಹೃದಯವೂ ನಿಂತಿದ್ದು ಕಪಾಟು ಇಲ್ಲದ ಜಾಗದಲ್ಲಿ. ಹಣೆಬರಹ ಅನ್ನದೆ ಇನ್ನೇನು ಅನ್ನಲಿ! ಆದರೂ ಅವರಲ್ಲಿ ಒಬ್ಬರ ಮಾತು ಕುತೂಹಲದ್ದು. ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಸದ್ದನ್ನು ಅವರು ನೆನಪಿಸಿಕೊಂಡರು. ಅದರಿಂದ ಎಚ್ಚರ ಸುಮಾರು 3 ನಿಮಿಷದವರೆಗೂ ಇದ್ದಿರಬಹುದು ಎಂದು ಸಂಶೋಧಕರು ಲೆಕ್ಕ ಹಾಕಿದರು. ಏಯರ್ ಪ್ರಕರಣದಲ್ಲಿ ಇಲ್ಲದಿದ್ದುದು ಇದೇ, ಒಳಗಿನ ಅನುಭವಕ್ಕೆ ಹೊರಗಿನ ಸದ್ದಿನ ಒಂದು ಗಂಟು.

ಇನ್ನೊಂದು ದಿಕ್ಕಿನಿಂದ, 2013ರಲ್ಲಿ ಜಿಮೋ ಬೋರ್ಜಿಗಿನ್ ತಂಡ ಇಲಿಗಳಲ್ಲಿ ನೋಡಿದ್ದು. ಹೃದಯ ನಿಂತ ಮೊದಲ 30 ಸೆಕೆಂಡಿನಲ್ಲಿ ಮಿದುಳಿನಲ್ಲಿ ಗಾಮಾ ಅಲೆಗಳು, ಅಂದರೆ ವೇಗದ ವಿದ್ಯುತ್ ಅಲೆಗಳು, ಒಮ್ಮೆ ಉಕ್ಕಿದವು. 2023ರಲ್ಲಿ ಅದೇ ತಂಡ ಸಾಯುತ್ತಿದ್ದ 4 ರೋಗಿಗಳ ದಾಖಲೆ ನೋಡಿದಾಗ ಇಬ್ಬರಲ್ಲಿ ಅಂಥದ್ದೇ ಉಕ್ಕು ಸಿಕ್ಕಿತು. ಆರುವ ಮುಂಚೆ ದೀಪ ಒಮ್ಮೆ ಜೋರಾಗಿ ಉರಿದಂತೆ. ಆ ರೋಗಿಗಳು ಬದುಕಲಿಲ್ಲ. ಏನು ಕಂಡಿರಿ ಎಂದು ಕೇಳುವ ಹಾಗಿಲ್ಲ. ಆದರೆ ಸಾಯುವ ಮಿದುಳು ಸುಮ್ಮನೆ ಆರುತ್ತದೆ ಎಂಬ ಹಳೇ ಚಿತ್ರ ಇನ್ನು ನಡೆಯದು. ಏಯರ್ ಊಹೆಗೆ ಇದು ಬಲ ಕೊಡುತ್ತದೆ.

ಕೆಟಲ್ಲೋ, ಕಿಟಕಿಯೋ

ಮಿದುಳು ಕೆಲಸ ಮಾಡುತ್ತಿತ್ತು ಎಂದರೆ ವಾದ ಮುಗಿಯಿತೇ? ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಇದ್ದಿದ್ದರೆ ಇಲ್ಲ ಅನ್ನುತ್ತಿದ್ದರು. 1897ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಅವರು ಒಂದು ಭೇದ ತೋರಿಸಿದರು. ಕೆಟಲ್ ಹಬೆಯನ್ನು ತಾನೇ ಹುಟ್ಟಿಸುತ್ತದೆ. ಬಣ್ಣದ ಗಾಜು ಬೆಳಕನ್ನು ಹುಟ್ಟಿಸುವುದಿಲ್ಲ, ಒಳಗೆ ಬಿಡುತ್ತದೆ. ಮಿದುಳು ಕೆಟಲ್ ಎಂದು ನಾವು ಅಂದುಕೊಂಡಿದ್ದೇವೆ, ಅದು ಗಾಜಿನ ಕಿಟಕಿಯೂ ಇರಬಹುದಲ್ಲ? ಕಿಟಕಿ ಒಡೆದರೆ, ಮಸುಕಾದರೆ ಕೋಣೆಯ ಬೆಳಕು ಕೆಡುತ್ತದೆ. ಅದರಿಂದ ಸೂರ್ಯ ಕೆಟ್ಟ ಎಂದು ಹೇಳಲಾಗುವುದಿಲ್ಲ.

ಈ ಹೋಲಿಕೆ ಕೇಳಿದಾಗೆಲ್ಲ ಚೆಂದ ಅನ್ನಿಸುತ್ತದೆ. ತೊಂದರೆ ಏನೆಂದರೆ ಪೆಟ್ಟು, ಮದ್ದು, ಮರೆವಿನ ಕಾಯಿಲೆ ಯಾವುದೇ ಬಂದರೂ ಎರಡು ಚಿತ್ರಗಳೂ ಒಂದೇ ಉತ್ತರ ಹೇಳುತ್ತವೆ. ಬೇರೆ ಉತ್ತರ ಬರುವುದು ಒಂದೇ ಕಡೆ, ಮಿದುಳು ಪೂರ್ತಿ ಆರಿದಾಗ. ಕಿಟಕಿ ಮುಚ್ಚಿದ ಮೇಲೂ ಸೂರ್ಯನಿಗೆ ಏನೋ ಅನುಭವವಾಯಿತು ಎಂದು ತೋರಿಸಬೇಕು. ಅದನ್ನು ಆಮೇಲೆ ಬಂದು ಹೇಳಬೇಕಾದರೆ ನೆನಪು ಬೇಕು. ನೆನಪು ಮಿದುಳಿನಲ್ಲಿ ಅಚ್ಚಾಗಬೇಕು. ಮುಚ್ಚಿದ ಕಿಟಕಿಯಲ್ಲಿ ಅಚ್ಚು ಬಿದ್ದಿದ್ದು ಹೇಗೆ? ಕಿಟಕಿಯ ಚಿತ್ರ ಎಡವುವುದು ಇಲ್ಲೇ. ಇದಕ್ಕೆ ತೃಪ್ತಿಯಾಗುವ ಉತ್ತರ ನಾನು ಓದಿಲ್ಲ.

ಕೆಟಲ್ ಪಕ್ಷವೂ ಹೆಮ್ಮೆಪಡುವ ಹಾಗಿಲ್ಲ. ಕೋಶಗಳ ಮಿಂಚಾಟದಿಂದ ಕೆಂಪು ಬಣ್ಣದ ಅನುಭವ, ಅದೂ ನೋಯಿಸುವ ಕೆಂಪು, ಯಾಕೆ ಹುಟ್ಟಬೇಕು? ತತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ 1990ರ ದಶಕದಲ್ಲಿ ಇದನ್ನೇ ಕಷ್ಟದ ಸಮಸ್ಯೆ ಎಂದು ಕರೆದರು. ಅದು ಇನ್ನೂ ಬಗೆಹರಿದಿಲ್ಲ. ಆದರೆ ಒಂದು ವಿಷಯ. ಹೇಗೆ ಹುಟ್ಟುತ್ತದೆ ಎಂದು ಗೊತ್ತಿಲ್ಲ ಎಂಬುದರಿಂದ ಉಳಿಯುತ್ತದೆ ಎಂದು ಆಗುವುದಿಲ್ಲ. ಚಾಲ್ಮರ್ಸ್ ಹೆಸರು ಹೇಳಿ ಪರಲೋಕಕ್ಕೆ ಟಿಕೆಟ್ ಕೊಡುವವರು ಇದನ್ನು ನುಂಗಿಬಿಡುತ್ತಾರೆ.

ಏಯರ್ ಇನ್ನೊಂದು ಗಂಟನ್ನೂ ಬಿಚ್ಚಿದ್ದರು. ಪರಲೋಕ ಇದ್ದರೆ ದೇವರೂ ಇದ್ದಾನೆ ಎಂದು ಜನ ಜೋಡಿಸುತ್ತಾರಲ್ಲ, ಆ ಜೋಡಣೆಗೆ ಆಧಾರವಿಲ್ಲ ಎಂದರು. ಈ ಲೋಕ ನಡೆಸಲು ದೇವರು ಬೇಡವಾದರೆ ಮುಂದಿನ ಲೋಕಕ್ಕೆ ಯಾಕೆ ಬೇಕು? ಕೇಂಬ್ರಿಡ್ಜ್‌ನ ತತ್ವಜ್ಞಾನಿ ಮೆಕ್‌ಟಾಗರ್ಟ್ ದೇವರನ್ನು ಒಪ್ಪದೆಯೇ ಸಾವಿನಾಚೆಯ ಬದುಕನ್ನು ನಂಬಿದ್ದರು. ಆತ್ಮವನ್ನೇ ಒಪ್ಪದೆ ಪುನರ್ಜನ್ಮ ಒಪ್ಪುವ ಬೌದ್ಧರ ಮಾತು ಕೇಳಿ ಬೆಳೆದ ನಮ್ಮ ಕಡೆಯ ಓದುಗರಿಗೆ ಇದು ಅಂಥ ಆಘಾತವಲ್ಲ. ಇಂಗ್ಲಿಷ್ ಓದುಗರಿಗೆ ಆಗಿರಬೇಕು.

ಅಭಿಪ್ರಾಯ

ಸಾವಿಗೆ ಒಂದೇ ಅಳತೆ ಇಲ್ಲ ಎಂದು ಏಯರ್ ಬರೆದಿದ್ದರು. ಹೃದಯ ನಿಲ್ಲುವುದು ಒಂದು ಅಳತೆ. ಮಿದುಳು ನಿಲ್ಲುವುದು ಇನ್ನೊಂದು, 1968ರ ಹಾರ್ವರ್ಡ್ ಸಮಿತಿಯ ವರದಿಯಿಂದ ಚಾಲ್ತಿಗೆ ಬಂದದ್ದು. ಎರಡೂ ಒಟ್ಟಿಗೇ ಆಗಬೇಕೆಂದಿಲ್ಲ. ಮೊದಲನೆಯ ಅಳತೆಯಲ್ಲಿ ಅವರು ಸತ್ತಿದ್ದರು. ಎರಡನೆಯದರಲ್ಲಿ ಇಲ್ಲ. 'ಸತ್ತಾಗ ಕಂಡದ್ದು' ಎಂಬ ಮಾತಿನ ರೋಮಾಂಚನ ಪೂರ್ತಿ ಮೊದಲನೆಯ ಅಳತೆಯಿಂದ ಸಾಲ ತಂದದ್ದು.

ವರ್ಷಗಳು ಕಳೆದ ಮೇಲೆ ಚಿಕಿತ್ಸೆ ಮಾಡಿದ ವೈದ್ಯರೊಬ್ಬರು, ದೈವವನ್ನು ಕಂಡೆ, ನನ್ನ ಪುಸ್ತಕಗಳನ್ನೆಲ್ಲ ತಿದ್ದಬೇಕಾದೀತು ಎಂದು ಏಯರ್ ತಮ್ಮ ಬಳಿ ಗುಟ್ಟಾಗಿ ಹೇಳಿದ್ದರು ಎಂದರು. ಹೇಳಿರಲೂಬಹುದು. ಅವರೇ ಬರೆದ ಬೆಳಕು ವಿಶ್ವವನ್ನು ಆಳುವ ಬೆಳಕೇ ತಾನೆ? ನೋವಿನಿಂದ ಎದ್ದ ರೋಗಿಯ ಬಾಯಿಂದ ಅಂಥ ಮಾತು ಬಂದರೆ ಅಚ್ಚರಿ ಇಲ್ಲ. ಆದರೆ ಹಾಸಿಗೆಯಲ್ಲಿ ಆಡಿದ ಮಾತಿಗೂ ವಾರಗಟ್ಟಲೆ ಯೋಚಿಸಿ ಎರಡು ಸಲ ಅಚ್ಚು ಹಾಕಿಸಿದ ಮಾತಿಗೂ ನಾನು ಒಂದೇ ತೂಕ ಕೊಡಲಾರೆ.

ಆದ್ದರಿಂದ ನನ್ನ ಮಟ್ಟಿಗೆ ಇದು ತಪ್ಪಿದ್ದು, ಹೋಗಿದ್ದಲ್ಲ. ಮಿದುಳು ಆರಿದ್ದಕ್ಕೆ ದಾಖಲೆ ಇದ್ದು, ಅದೇ ನಿಮಿಷದ ಹೊರಗಿನ ಘಟನೆಯೊಂದನ್ನು ರೋಗಿ ಸರಿಯಾಗಿ ಹೇಳಿದ ಪ್ರಕರಣ ಬಂದರೆ ಈ ತೀರ್ಪನ್ನು ಬದಲಿಸುತ್ತೇನೆ.

ಮನೆಯಲ್ಲಿ ಆದ ಬದಲಾವಣೆ ಮಾತ್ರ ಯಾರ ವಾದಕ್ಕೂ ಕಾಯಲಿಲ್ಲ. ಸತ್ತು ಬಂದ ಮೇಲೆ ಫ್ರೆಡ್ಡಿ (ಏಯರ್‌ಗೆ ಆಪ್ತರು ಕರೆಯುತ್ತಿದ್ದ ಹೆಸರು) ಎಷ್ಟೋ ಒಳ್ಳೆಯವನಾಗಿದ್ದಾನೆ ಎಂದು ಡೀ ವೆಲ್ಸ್ ಹೇಳುತ್ತಿದ್ದರು. ಇಬ್ಬರೂ ಹಿಂದೆ ಮದುವೆಯಾಗಿ ಬೇರೆಯಾಗಿದ್ದವರು. 1989ರಲ್ಲಿ ಮತ್ತೆ ಮದುವೆಯಾದರು. ಅದೇ ವರ್ಷ ಜೂನ್ 27ರಂದು ಏಯರ್ ಲಂಡನ್ನಿನಲ್ಲಿ ತೀರಿಕೊಂಡರು.